ಹೋಗುವವರಿಗೆ ಹೇಳುವ ಮಾತು

ನಮ್ಮಲ್ಲಿ ಯಾರನ್ನಾದರೂ ಹೊಗಳಿದರೆಂದರೆ ಅವರು ಕೆಲಸ ಬಿಟ್ಟು ಹೋಗುತ್ತಿದ್ದಾರೆ ಎಂದೇ ಅರ್ಥ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ಸೋದರಮಾವ ಲ್ಯಾಬು ತೆರೆದಾಗಿನಿಂದ ಹಾಗೇ ನಡೆದುಕೊಂಡು ಬಂದಿತ್ತು.

ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಲ್ಯಾಬು ಅದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಕೆಳಗಿನ ಕೋಣೆಯಲ್ಲಿ ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸುತ್ತಾರೆ. ಮೇಲಿನ ಕೋಣೆಯಲ್ಲಿ ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಸಣ್ಣ ಬ್ರಷ್ಷಿನಿಂದ ಪದರಪದರವಾಗಿ ಏರಿಸಿ, ಪುಟ್ಟ ಕುಲುಮೆಯಲ್ಲಿ ಸುಟ್ಟು ಹಲ್ಲು ತೆಗೆಯುತ್ತಾರೆ. ಸಿದ್ಧವಾದ ಪ್ರತಿಯೊಂದು ಹಲ್ಲೂ ಹೊರಹೋಗುವ ಮೊದಲು ಮಾವನ ಕೈಗೆ ಬರಬೇಕು. ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಹಿಂದೆಮುಂದೆ ತಿರುಗಿಸಿ ನೋಡಿ, ಆಮೇಲೆ ಬೈಯುತ್ತಿದ್ದರು.

"ಇದೇನು ಹಲ್ಲೋ, ಸೀಮೆಸುಣ್ಣದ ತುಂಡೋ? ಇದನ್ನ ಹಾಕ್ಕೊಂಡು ನಕ್ಕರೆ ಎದುರಿಗಿದ್ದೋರು ಅತ್ತುಬಿಡ್ತಾರೆ!"

ಬೈದು, ಪ್ಯಾಕಿಂಗಿಗೆ ಕಳಿಸುತ್ತಿದ್ದರು. ಕಳಿಸಿದರೆಂದರೆ ಅದು ಚೆನ್ನಾಗಿದೆ ಎಂದು ನಾವೇ ತಿಳಿದುಕೊಳ್ಳಬೇಕು.

ಆದರೆ ಯಾರಾದರೂ ಬಿಟ್ಟು ಹೋಗುವಾಗ ಮಾವ ಬೇರೆಯೇ ಮನುಷ್ಯರಾಗುತ್ತಿದ್ದರು. ಪಾಲಿಶ್ ಮೇಜನ್ನು ಒರೆಸಿ ಬಿಳಿ ಬಟ್ಟೆ ಹಾಸುತ್ತಿದ್ದರು. ಚಹಾ, ಕೇಕು. ಎಲ್ಲರೂ ಸುತ್ತ ನಿಂತು ಒಬ್ಬೊಬ್ಬರಾಗಿ ಒಂದೊಂದು ಒಳ್ಳೆಯ ಮಾತು ಹೇಳಬೇಕು. ಕೊನೆಯಲ್ಲಿ ಮಾವ ಮಾತಾಡುತ್ತಿದ್ದರು. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಆವತ್ತು ಹೊರಗೆ ತೆಗೆಯುತ್ತಿದ್ದರು. ಲೋಹ ಕರಗಿಸುತ್ತಿದ್ದವನು ಹೋದಾಗ, "ಇವನಂಥ ಕೈ ನನಗೆ ಮತ್ತೆ ಸಿಗಲ್ಲ" ಎಂದು ಕಣ್ಣೊರೆಸಿಕೊಂಡರು. ಅವನು ಬೀಳ್ಕೊಂಡು ಮೆಟ್ಟಿಲಿಳಿಯುವಾಗ ನನ್ನ ಹತ್ತಿರ ನಿಂತ.

"ಒಂದು ತಿಂಗಳು ಮುಂಚೆ ಇದ್ರಲ್ಲಿ ಅರ್ಧ ಹೇಳಿದ್ರೂ ಸಾಕಿತ್ತಮ್ಮಾ. ನಾನು ಇವ್ರಿಗೆ ಬೇಡದವನು ಅಂದ್ಕೊಂಡಿದ್ದೆ."

ಅವನ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವುದು ನನ್ನ ಕೆಲಸ. ಸಿಬ್ಬಂದಿ ನಿರ್ವಹಣೆಯಲ್ಲಿ ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದವಳನ್ನು ಮಾವನೇ ಕರೆದು ಒಂದು ಮೇಜು ಕೊಟ್ಟಿದ್ದರು. ಜಾಹೀರಾತು ಕೊಡುವುದು, ಬಂದವರನ್ನು ಕೂರಿಸಿ ಪ್ರಶ್ನೆ ಕೇಳುವುದು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ತಲೆಯೆತ್ತದೆ ಓದುತ್ತಿದ್ದೆ. ಕೆಳಗಿನ ಕೋಣೆಯ ಪ್ಲಾಸ್ಟರ್ ಅಣ್ಣ ನನಗೆ ಮಾತಿನಮಲ್ಲಿ ಎಂದು ಹೆಸರಿಟ್ಟಿದ್ದ. ಬೆಳಗ್ಗೆ ಹುಬ್ಬಿನ ಮೇಲೆ ಬಿಳಿ ಪುಡಿ ಹೊತ್ತುಕೊಂಡೇ, "ಏನು ಮಾತಿನಮಲ್ಲಿ, ನಿನ್ನೆಯಿಂದ ಕಿವಿ ತೂತಾಗೋ ಹಂಗೆ ಮಾತಾಡ್ತಿದೀಯಲ್ಲ, ಸ್ವಲ್ಪ ನಿಲ್ಸು" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಉತ್ತರವೆಲ್ಲ ರಾತ್ರಿ ಡೈರಿಗೆ ಹೋಗುತ್ತಿತ್ತು.

ನಾನು ಬಾಯಿಬಿಟ್ಟು ಮಾತಾಡುತ್ತಿದ್ದುದು ಒಬ್ಬರ ಜೊತೆ ಮಾತ್ರ, ಪಿಂಗಾಣಿ ಅಕ್ಕನ ಜೊತೆ.

ಮೇಲಿನ ಕೋಣೆಯ ಕಿಟಕಿ ಪಕ್ಕದ ಕುರ್ಚಿ ಅಕ್ಕನದು. ಬಾಯಿಯ ಮುಂಭಾಗದ ಹಲ್ಲುಗಳನ್ನು ಅವರೇ ಮಾಡುತ್ತಿದ್ದರು. ಅದರಲ್ಲಿ ಸುಳ್ಳು ನಡೆಯುವುದಿಲ್ಲ. ಪಕ್ಕದಲ್ಲೇ ನಿಜವಾದ ಹಲ್ಲು ನಿಂತು ಸಾಕ್ಷಿ ಹೇಳುತ್ತದೆ. ಎಷ್ಟೋ ದಂತವೈದ್ಯರು ನಮಗೆ ಕೆಲಸ ಕಳಿಸುತ್ತಿದ್ದುದೇ ಅಕ್ಕನ ಕೈ ನೋಡಿ. ಮಾವನ ಬೈಗುಳದಲ್ಲಿ ದೊಡ್ಡ ಪಾಲೂ ಅವರಿಗೇ. ಅಕ್ಕ ಮಾತ್ರ ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡಿಕೊಳ್ಳುತ್ತ, "ಯಜಮಾನ್ರಿಗೆ ಇವತ್ತು ತಿಂಡಿ ಸರಿ ಆಗಿಲ್ಲ ಕಣೇ" ಎಂದು ನನಗೆ ಕಣ್ಣು ಹೊಡೆಯುತ್ತಿದ್ದರು.

ಊರಾಚೆ ದೊಡ್ಡದೊಂದು ಲ್ಯಾಬು ಶುರುವಾಗಿತ್ತು. ಲೋಹದವನು ಹೋಗಿದ್ದು ಅಲ್ಲಿಗೇ. ಅಲ್ಲಿಂದ ಅಕ್ಕನಿಗೂ ಕರೆ ಬಂದಿದೆ ಎಂದು ಪ್ಲಾಸ್ಟರ್ ಅಣ್ಣ ಸುದ್ದಿ ತಂದ. "ಅವ್ಳು ಆಗಲ್ಲ ಅಂದ್ಳಂತೆ. ಆದ್ರೆ ಅವ್ರು ಬಿಡೋ ಪೈಕಿ ಅಲ್ಲ, ಮತ್ತೆ ಮತ್ತೆ ಕರೀತಾರೆ."

ಆ ರಾತ್ರಿ ಊಟಕ್ಕೆ ಮಾವನ ಮನೆಯಲ್ಲೇ ಇದ್ದೆ. ಮಾವನ ಎದುರು ಹೇಳುವ ಧೈರ್ಯ ಬರದೆ, ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದೆ. ಲೋಹದವನು ಮೆಟ್ಟಿಲ ಮೇಲೆ ಆಡಿದ ಮಾತನ್ನೂ ಹೇಳಿದೆ. ಅತ್ತೆ ಸೌಟು ಹಿಡಿದುಕೊಂಡೇ ಊಟದ ಮೇಜಿಗೆ ಹೋದರು.

"ರೀ, ಹೋಗೋರಿಗೆ ಹೇಳೋ ಮಾತನ್ನ ಇರೋರಿಗೆ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಹೊಗಳಿದ್ರೆ ಕೈ ಕೆಡುತ್ತೆ."

"ನಾನು ಮದುವೆಯಾದಾಗಿಂದ ಅಡುಗೆ ಮಾಡ್ತಿದೀನಿ, ಒಂದು ದಿನಾನೂ ಹೊಗಳಿಲ್ಲ ನೀವು. ನನ್ನ ಕೈ ಏನು ಉದ್ಧಾರ ಆಗಿದೆಯಾ? ಇವತ್ತಿನ ಸಾರು ನೋಡಿ, ಉಪ್ಪೇ ಇಲ್ಲ."

ಮಾವ ನಕ್ಕುಬಿಟ್ಟರು. ನಕ್ಕ ಮೇಲೆ ಒಪ್ಪಿಕೊಳ್ಳದೆ ಗತಿಯಿರಲಿಲ್ಲ. ಒಪ್ಪಿದ ಮೇಲೆ ಅವರು ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಆದರೆ ಒಳ್ಳೆಯ ಮಾತು ಹೇಳಲು ಅವರಿಗೆ ಗೊತ್ತಿದ್ದುದು ಒಂದೇ ಬಗೆ.

ಬುಧವಾರ ಮಧ್ಯಾಹ್ನ ಪಾಲಿಶ್ ಮೇಜು ಖಾಲಿಯಾಯಿತು. ಬಿಳಿ ಬಟ್ಟೆ ಬಂತು. ಚಹಾ, ಕೇಕು. ಎಲ್ಲರೂ ಸುತ್ತ ನಿಂತೆವು. ಅಕ್ಕ ಕೊನೆಗೆ ಬಂದು, "ಯಾರು ಹೋಗ್ತಿರೋದು?" ಎಂದು ಪ್ಲಾಸ್ಟರ್ ಅಣ್ಣನ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ಅಷ್ಟರಲ್ಲಿ ಮಾವ ಕೈ ಚಾಚಿ, "ಬಾಮ್ಮಾ, ಮುಂದೆ ಬಾ. ಇದು ನಿಂಗೇ" ಎಂದರು.

ಅಕ್ಕ ಮುಂದೆ ಬಂದರು. ಒಬ್ಬೊಬ್ಬರೂ ಮಾತಾಡಿದರು. ಪ್ಲಾಸ್ಟರ್ ಅಣ್ಣ, "ನನ್ನ ದವಡೆ ಎಷ್ಟು ಸೊಟ್ಟಗಿದ್ರೂ ಇವ್ಳು ಸರಿ ಮಾಡ್ಕೊಂಡು ನನ್ನ ಮಾನ ಉಳಿಸಿದಾಳೆ" ಎಂದ. ನನ್ನ ಸರದಿಯಲ್ಲಿ ನಾನು "ಅಕ್ಕ ಇಲ್ದಿದ್ರೆ..." ಎಂದು ಶುರುಮಾಡಿ, ಮುಂದೆ ಹೊಳೆಯದೆ ಕೇಕು ಹಂಚತೊಡಗಿದೆ. ಮಾವ ಬಹಳ ಹೊತ್ತು ಮಾತಾಡಿದರು. ಈ ಹೆಣ್ಣುಮಗಳ ಹಲ್ಲುಗಳನ್ನು ಬೆಳಕಿಗೆ ಹಿಡಿದಾಗಲೆಲ್ಲ ತಮ್ಮ ಬಾಯಿ ಕಟ್ಟಿಹೋಗುತ್ತಿತ್ತು, ಅದನ್ನು ಮುಚ್ಚಿಕೊಳ್ಳಲೆಂದೇ ಬೈಯುತ್ತಿದ್ದುದು ಎಂದರು. ಇಂಥ ದಿನ ಕೊಡುತ್ತೇನೆ ಎಂದರೆ ಕೊಟ್ಟೇ ಕೊಡುತ್ತಿದ್ದಳು, ಇವಳ ಮಾತಿನ ಮೇಲೆ ಲ್ಯಾಬು ನಿಂತಿತ್ತು ಎಂದರು. ಅಭ್ಯಾಸಬಲದಿಂದ ಎಲ್ಲವನ್ನೂ ಭೂತಕಾಲದಲ್ಲೇ ಹೇಳಿದರು. ಕೊನೆಗೆ ಕಣ್ಣನ್ನೂ ಒರೆಸಿಕೊಂಡರು.

ಅಕ್ಕನ ಮುಖ ಬೆಳ್ಳಗಾಗಿತ್ತು. ಸಂತೋಷಕ್ಕೆ ಎಂದುಕೊಂಡೆವು. "ಆಯ್ತು ಯಜಮಾನ್ರೇ, ದೊಡ್ಡ ಮಾತು" ಎಂದಷ್ಟೇ ಹೇಳಿ, ಕೇಕಿನ ತುಂಡನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಮೇಲೆ ಹೋದರು.

ಸಂಜೆ ಅವರು ಬ್ರಷ್ಷುಗಳನ್ನೆಲ್ಲ ತೊಳೆದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಹೊಸ ಹುರುಪು ಬಂದಿದೆ ಎಂದುಕೊಂಡೆ. ಮರುದಿನ ಮಾವನ ಮುಂದೆ ಒಂದು ಹಲ್ಲು ಇಟ್ಟು ನಿಂತರು. ಅತ್ತೆ ಮಾವನಿಗೆ ಇನ್ನೊಂದು ವಾರವಾದರೂ ಬೈಯಕೂಡದೆಂದು ತಾಕೀತು ಮಾಡಿದ್ದರು. ಭೂತಗನ್ನಡಿ ಹಿಡಿದರೆ ಬೈಗುಳ ತಾನಾಗಿ ಬರುತ್ತದೆಂದು ಮಾವ ಅದನ್ನು ಮುಟ್ಟಲೇ ಇಲ್ಲ.

"ಚೆನ್ನಾಗಿದೆಯಮ್ಮಾ. ಕಳ್ಸು."

"ಅಂಚು ಒಂಚೂರು ಹಳದಿ ಆಗಿದೆ ಅನ್ಸುತ್ತೆ. ನೋಡ್ತೀರಾ?"

"ಬೇಡ ಬೇಡ. ಚೆನ್ನಾಗಿದೆ."

ಅಕ್ಕ ಒಂದು ಗಳಿಗೆ ನಿಂತೇ ಇದ್ದರು. ಆಮೇಲೆ ಹಲ್ಲನ್ನು ತೆಗೆದುಕೊಂಡು ಹೋಗಿ, ತಾವೇ ಅಂಚನ್ನು ಸರಿಮಾಡಿ, ಪ್ಯಾಕಿಂಗಿಗೆ ಇಟ್ಟರು.

ಶನಿವಾರ ಕೆಲಸ ಮುಗಿಯುವ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದರು. ಹೆಗಲಲ್ಲಿ ಚೀಲವಿತ್ತು.

"ಬರ್ತೀನಿ ಕಣೇ. ಸೋಮವಾರದಿಂದ ಆ ಕಡೆ ಸೇರ್ಕೋತೀನಿ."

"ಯಾವ ಕಡೆ?"

"ದೊಡ್ಡ ಲ್ಯಾಬಿಗೆ. ಮೊದ್ಲು ಆಗಲ್ಲ ಅಂದಿದ್ದೆ. ನೀವು ಇಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟ ಮೇಲೆ ಬುಧವಾರ ಸಂಜೆ ನಾನೇ ಅಲ್ಲಿಗೆ ಹೋಗಿ ಕೆಲಸ ಇದೆಯಾ ಅಂತ ಕೇಳಿದೆ. ನಿಮಗೆ ಯಾಕೆ ಬೇಡವಾದೆ ಅಂತ ಇಲ್ಲೇ ಕೇಳೋಣ ಅನ್ಕೊಂಡೆ. ಯಜಮಾನ್ರು ಕಣ್ಣಲ್ಲಿ ನೀರು ಹಾಕ್ಕೊಂಡಿದ್ರು, ಮನಸ್ಸು ಬರ್ಲಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಅಕ್ಕನ ಚೀಲದ ಪಟ್ಟಿಯನ್ನು ಹಿಡಿದುಕೊಂಡುಬಿಟ್ಟೆ. ತಡವರಿಸುತ್ತ ತಡವರಿಸುತ್ತ ಎಲ್ಲವನ್ನೂ ಹೇಳಿದೆ. ನಾನು ಅತ್ತೆಗೆ ಹೇಳಿದ್ದು, ಅತ್ತೆ ಉಪ್ಪಿಲ್ಲದ ಸಾರು ತೋರಿಸಿ ಮಾವನಿಗೆ ಹೇಳಿದ್ದು, ಆ ಚಹಾ ಅವರನ್ನು ಉಳಿಸಿಕೊಳ್ಳಲೆಂದೇ ಇಟ್ಟಿದ್ದು.

ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡು ನಗತೊಡಗಿದರು. ನಗುತ್ತ ನಗುತ್ತ ಖಾಲಿ ಕುರ್ಚಿಯಲ್ಲಿ ಕೂತರು. "ಅಯ್ಯೋ ನಿಮ್ಮ! ಉಳಿಸ್ಕೊಳ್ಳೋಕೆ ಬಿಳಿ ಬಟ್ಟೆ ಹಾಸ್ತಾರೇನ್ರೇ ಯಾರಾದ್ರೂ?"

ಸದ್ದು ಕೇಳಿ ಮಾವ ಬಂದರು. ನಾನು ಎರಡು ಮಾತಿನಲ್ಲಿ ಹೇಳಿದೆ. ಮಾವನ ಮುಖ ಕೆಂಪಗಾಯಿತು.

"ಯಾರೇ ನಿನ್ನ ಹೋಗು ಅಂದಿದ್ದು? ತಲೇಲಿ ಮೆದುಳಿದೆಯೋ ಪಿಂಗಾಣಿ ತುಂಬ್ಕೊಂಡಿದೆಯೋ? ಕೇಳ್ಬಾರ್ದಾ ಬಂದು?"

ಆ ವಾರದಲ್ಲಿ ಮೊದಲ ಸಲ ಅಕ್ಕನ ಮುಖ ಅರಳಿತು. "ಗುರುವಾರ ಹಿಂಗೆ ಬೈದಿದ್ರೆ ಸಾಕಿತ್ತು ಯಜಮಾನ್ರೇ. ಆವತ್ತು ನೀವು ಹಲ್ಲನ್ನ ನೋಡ್ಲೇ ಇಲ್ಲ. ನೋಡದೆ ಇದ್ದಾಗ್ಲೇ ನಂಗೆ ಖಾತ್ರಿ ಆಗಿದ್ದು, ಸಂಜೆ ಅವ್ರಿಗೆ ಬರ್ತೀನಿ ಅಂದೆ."

ಮಾವ ಗೋಡೆಗೆ ಒರಗಿ ನಿಂತರು. ಅವರು ಯಾರನ್ನೂ ಬೇಡಿಕೊಂಡಿದ್ದು ನಾನು ನೋಡಿರಲಿಲ್ಲ. "ಇರಮ್ಮಾ. ಅವ್ರಿಗೆ ಬರಲ್ಲ ಅಂತ ಹೇಳಿಬಿಡು. ನಾನೇ ಬೇಕಾದ್ರೆ ಫೋನ್ ಮಾಡ್ತೀನಿ."

ಅಕ್ಕ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅದರ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದರು. ಅವರು ಬೇಡ ಎನ್ನುತ್ತಾರೋ, ಸರಿ ಎನ್ನುತ್ತಾರೋ ಎಂದು ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ.

"ಆ ಕುರ್ಚಿಗೆ ಅವ್ರು ಇನ್ನೊಬ್ಬಳನ್ನ ನೋಡಿಟ್ಟಿದ್ರು" ಎಂದರು ಕೊನೆಗೆ. "ನಾನು ಬರ್ತೀನಿ ಅಂದ ಮೇಲೆ ಅವ್ಳನ್ನ ಬೇಡ ಅಂದು ಕಳಿಸಿದ್ರು. ಪಾಪ, ಅವ್ಳು ಬೇರೆ ಎಲ್ಲೋ ಸೇರ್ಕೊಂಡಾಯ್ತು. ಈಗ ನಾನೂ ಇಲ್ಲ ಅಂದ್ರೆ ಹೆಂಗೆ? ನನ್ನ ಮಾತಿನ ಮೇಲೆ ಲ್ಯಾಬು ನಿಂತಿತ್ತು ಅಂದ್ರಲ್ಲ ಯಜಮಾನ್ರೇ. ಸುಳ್ಳು ಹೇಳಿದ್ರಾ?"

"ಸುಳ್ಳಲ್ಲ."

"ಮತ್ತೆ?"

ಮಾವ ಬಾಗಿಲ ಕಡೆಗೆ ದಾರಿ ಬಿಟ್ಟು ನಿಂತರು. ಅಕ್ಕ ಹೋದರು. ಚಹಾ ಇರಲಿಲ್ಲ, ಮಾತುಗಳೂ ಇರಲಿಲ್ಲ. ಎಲ್ಲ ಬುಧವಾರವೇ ಖರ್ಚಾಗಿತ್ತು. ಪ್ಲಾಸ್ಟರ್ ಅಣ್ಣ ಮಾತ್ರ ಕೈ ತೊಳೆಯದೆ ಬಾಗಿಲಿಗೆ ಬಂದು, "ಇನ್ಮೇಲೆ ನನ್ನ ಸೊಟ್ಟ ದವಡೆ ಯಾರಿಗೆ ಕಟ್ಟಲಿ?" ಎಂದ. ಯಾರೂ ನಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಮಾವ ಬದಲಾಗಲು ಪ್ರಯತ್ನಪಟ್ಟರು. ಒಮ್ಮೆ ಪ್ಲಾಸ್ಟರ್ ಅಣ್ಣನ ಹಿಂದೆ ನಿಂತು, "ಈ ದವಡೆ ಚೆನ್ನಾಗಿ ಬಂದಿದೆ ಕಣಯ್ಯಾ" ಎಂದರು. ಅಣ್ಣ ಕೈಯಲ್ಲಿದ್ದ ಬೋಗುಣಿಯನ್ನು ಕೆಳಗಿಟ್ಟು, "ಯಜಮಾನ್ರೇ, ನನ್ನನ್ನೂ ಕಳಿಸ್ತಿದೀರಾ? ಕೇಕು ಎಲ್ಲಿ?" ಎಂದ. ತಮಾಷೆಗೇ ಅಂದದ್ದು; ಆದರೆ ಅವನ ಕಣ್ಣಲ್ಲಿ ನಿಜವಾದ ಗಾಬರಿಯೂ ಇತ್ತು. ಮಾವ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಮುಂಭಾಗದ ಹಲ್ಲುಗಳು ದಂತವೈದ್ಯರಿಂದ ಒಂದೊಂದಾಗಿ ವಾಪಸ್ಸಾಗುತ್ತಿದ್ದವು. ಅವನ್ನೀಗ ಮಾವನೇ ಕಿಟಕಿ ಪಕ್ಕ ಕೂತು ಮಾಡುತ್ತಿದ್ದರು. ಕಣ್ಣು ಮೊದಲಿನಂತಿರಲಿಲ್ಲ.

ನಾನು ಹುಡುಕುತ್ತಲೇ ಇದ್ದೆ. ಈ ಸಲ ಬಂದವರನ್ನು ಪ್ರಶ್ನೆ ಕೇಳಿ ಕಳಿಸಲಿಲ್ಲ. ಕುಲುಮೆಯ ಮುಂದೆ ಕೂರಿಸಿ ಒಂದು ಹಲ್ಲು ಮಾಡಿಸಿದೆ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳುವ ಬದಲು, ಅಲ್ಲಿ ಏನಿದ್ದಿದ್ದರೆ ಬಿಡುತ್ತಿರಲಿಲ್ಲ ಎಂದು ಕೇಳಿದೆ. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಪುಡಿಗೆ ನೀರು ಹಾಕುವ ಮೊದಲು ಎದ್ದು ಹೋಗಿ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದವಳು. ಮಾವ ಅವಳು ಮಾಡಿದ್ದನ್ನು ಭೂತಗನ್ನಡಿಯಲ್ಲಿ ನೋಡಿ ನನಗೆ ತಲೆಯಾಡಿಸಿದರು. ಅವಳಿಗೆ ಸೋಮವಾರ ಬಾ ಎಂದು ಹೇಳಿದೆ. ಅವಳು ಆವತ್ತು ಸಂಜೆಯೇ ತಾನಿದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕೊಟ್ಟೆ ಎಂದು ಫೋನ್ ಮಾಡಿದಳು. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಕೆಲಸ ನನಗೆ ಬರುತ್ತದೆ ಎನ್ನಿಸಿತು.

ಅಕ್ಕನ ಫೋನು ಬಂದದ್ದು ಅದರ ಮಾರನೆಯ ದಿನ. ಎಲ್ಲರನ್ನೂ ವಿಚಾರಿಸಿದರು. ಅತ್ತೆಯ ಸಾರಿಗೆ ಉಪ್ಪು ಬಿತ್ತೇ ಎಂದು ಕೇಳಿದರು.

"ಅಲ್ಲಿ ಹೆಂಗಿದೆ ಅಕ್ಕ?"

"ತುಂಬಾ ಹೊಗಳ್ತಾರೆ ಕಣೇ. ವಾರಕ್ಕೊಬ್ಬರ ಫೋಟೋ ಗೋಡೆಗೆ ಹಾಕ್ತಾರೆ, ನಂದೂ ಹಾಕಿದಾರೆ" ಎಂದು ನಕ್ಕರು. "ಆದ್ರೆ ನಾನು ಮಾಡಿದ ಹಲ್ಲನ್ನ ಒಬ್ಬರೂ ಬೆಳಕಿಗೆ ಹಿಡಿದು ನೋಡಿಲ್ಲ. ಮೊನ್ನೆ ಬೇಕೂಂತಲೇ ಒಂದನ್ನ ಕಪ್ಪಗೆ ಮಾಡಿ ಇಟ್ಟೆ. ಸೂಪರ್ ಅಂದ್ರು. ನಾನೇ ವಾಪಸ್ ತಗೊಂಡೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಸೇರುವಾಗ ಇಷ್ಟು ತಿಂಗಳು ಇರ್ತೀನಿ ಅಂತ ಇವ್ರಿಗೆ ಒಪ್ಪಿಕೊಂಡಿದ್ದ ಅವಧಿ ಈ ತಿಂಗಳಿಗೆ ಮುಗಿಯುತ್ತೆ" ಎಂದರು. "ಕಿಟಕಿ ಪಕ್ಕ ಈಗ ಯಾರು ಕೂರ್ತಾರೆ?"

ಅವರು ಕೇಳುತ್ತಿದ್ದುದು ಏನೆಂದು ನನಗೆ ಗೊತ್ತಿತ್ತು. ಆ ಹುಡುಗಿಗೆ ಬೇಡ ಎಂದುಬಿಡಬಹುದು ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಅವಳು ಇದ್ದ ಕೆಲಸವನ್ನು ಬಿಟ್ಟು ಒಂದು ರಾತ್ರಿಯಷ್ಟೇ ಕಳೆದಿತ್ತು.

"ಸೋಮವಾರದಿಂದ ಒಬ್ಬಳು ಬರ್ತಾಳೆ ಅಕ್ಕ. ನಾನೇ ಹೇಳಿಬಿಟ್ಟಿದೀನಿ."

"ಕೈ ಹೆಂಗಿದೆ?"

"ಚೆನ್ನಾಗಿದೆ."

"ಹಾಗಿದ್ರೆ ಬಿಡಬೇಡಿ" ಎಂದರು ಅಕ್ಕ. ದನಿ ಎಂದಿನಂತೆಯೇ ಇತ್ತು. ಆ ಕಡೆ ಯಾರೋ ಕರೆದರು. ಬರ್ತೀನಿ ಕಣೇ ಎಂದು ಇಟ್ಟುಬಿಟ್ಟರು.

ಸೋಮವಾರ ಹುಡುಗಿ ಬಂದಳು. ಮಧ್ಯಾಹ್ನದ ಹೊತ್ತಿಗೆ ಮೊದಲ ಹಲ್ಲನ್ನು ಮಾವನ ಮುಂದಿಟ್ಟಳು. ಮಾವ ಭೂತಗನ್ನಡಿ ಹಿಡಿದರು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡರು. ಹೊಗಳಿಕೆಗೆ ಬಾಯಿ ತೆರೆದು ಅದನ್ನೂ ನುಂಗಿಕೊಂಡರು. ಕೊನೆಗೆ ಏನು ಮಾಡಲಿ ಎಂಬಂತೆ ನನ್ನ ಕಡೆ ನೋಡಿದರು. ಹುಡುಗಿಯೂ ನೋಡಿದಳು.

"ನೋಡ್ತಿದಾರೆ, ಕೂತ್ಕೋ" ಎಂದೆ ಅವಳಿಗೆ. ಹೇಳಲು ನನಗೆ ಗೊತ್ತಿದ್ದುದು ಅಷ್ಟೇ.