ಗಾಜಿನೊಳಗಿನ ಶಾಂತಾದೇವಿ

ಷಡಕ್ಷರಪ್ಪನವರ ಹೆಂಡತಿ ಶಾಂತಾದೇವಿ ಲಿಂಗೈಕ್ಯರಾಗಿ ಎರಡು ವರ್ಷವಾದ ಮೇಲೆ, ಅವರು ಇನ್ನೂ ಪೂರ್ತಿ ಸತ್ತಿಲ್ಲ ಎಂಬ ಸುದ್ದಿ ಅರಸೀಕೆರೆಗೆ ಬಂತು. ತಂದವಳು ಸ್ವಂತ ಮಗಳು ಅಕ್ಷತಾ. ೨೦೦೩ರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದವಳು ಊಟಕ್ಕೆ ಕೂತಲ್ಲೇ ಹೇಳಿಬಿಟ್ಟಳು. ಕ್ಯಾನ್ಸರ್ ಎಂದು ಅಮ್ಮನ ಎದೆಯಿಂದ ತೆಗೆದ ಗಡ್ಡೆಯ ಚೂರು ತಾನು ಸಂಶೋಧನೆ ಮಾಡುವ ಲ್ಯಾಬಿನಲ್ಲಿದೆ, ಅದರ ಜೀವಕೋಶಗಳು ಗಾಜಿನ ಸೀಸೆಯಲ್ಲಿ ಇವತ್ತಿಗೂ ಬೆಳೆಯುತ್ತಿವೆ ಎಂದಳು.

ಷಡಕ್ಷರಪ್ಪನವರ ತುತ್ತು ಕೈಯಲ್ಲೇ ಉಳಿಯಿತು. ಕಣಕಟ್ಟೆಯ ತೆಂಗಿನ ತೋಟದಲ್ಲಿ ಹೆಂಡತಿಯನ್ನು ಗುಂಡಿಯೊಳಗೆ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇರಿಸಿ, ವಿಭೂತಿ ಸುರಿದು ಮಣ್ಣು ಕೊಟ್ಟವರು ಅವರೇ. ಏನೂ ಕಡಿಮೆ ಮಾಡಿಲ್ಲ ಎಂದು ಸಮಾಧಾನವಾಗಿದ್ದರು.

"ಯಾರನ್ನ ಕೇಳಿ ಇಟ್ಕೊಂಡ್ರಿ?"

"ಅಮ್ಮನೇ ಕೊಟ್ಟಿದ್ದು. 'ತೆಗೆದದ್ದನ್ನ ನಾನೇನು ಸೆರಗಿಗೆ ಕಟ್ಕೊಂಡು ಹೋಗ್ಲಾ, ಓದೋ ಮಕ್ಕಳಿಗೆ ಕೊಡಿ' ಅಂತ ಡಾಕ್ಟರ ಹತ್ರ ಅಂದ್ಲು."

ಅದು ಶಾಂತಾದೇವಿಯ ಮಾತೇ. ಅಂಥ ನಾಲಿಗೆ ಆ ಮನೆಯಲ್ಲಿ ಬೇರೆ ಯಾರಿಗಿತ್ತು?

ಅಲ್ಲಿಂದ ಷಡಕ್ಷರಪ್ಪನವರ ನೆಮ್ಮದಿ ಕೆಟ್ಟಿತು. ಬೆಳಿಗ್ಗೆ ಪೂಜೆಗೆ ಕೂತರೆ ಪಕ್ಕದಲ್ಲಿ ಯಾರೋ ಉಸಿರಾಡಿದಂತಾಗುತ್ತಿತ್ತು. ತಿರುಗಿದರೆ ಬರೀ ಮಣೆ. ತಮ್ಮ ಕೊಬ್ಬರಿ ಮಂಡಿಯಲ್ಲಿ ಮೂಟೆಗಳ ಆಚೆ ಬಳೆ ಸದ್ದಾಗುತ್ತಿತ್ತು. ಅವರಿಗೆ ಹೆದರಿಕೆಯಾಗಲಿಲ್ಲ. ಆ ಸದ್ದು ನಿಂತುಹೋದೀತಲ್ಲ ಎಂಬುದೇ ಹೆದರಿಕೆ. ಊರಲ್ಲಿ ಕರೆಂಟ್ ಹೋದರೆ ಸಾಕು, ಮಗಳಿಗೆ ಫೋನ್ ಮಾಡುತ್ತಿದ್ದರು.

"ಅಲ್ಲಿ ಕರೆಂಟ್ ಐತಾ?"

"ಇದೆ ಅಪ್ಪಾಜಿ. ನಮ್ಮ ಮೈಯಷ್ಟೇ ಬಿಸಿ ಇರೋ ಪೆಟ್ಟಿಗೆಯಲ್ಲಿ ಇಟ್ಟಿದೀವಿ."

"ತಿನ್ನಕ್ಕೆ ಏನು ಕೊಡ್ತೀರಿ?"

"ಸಕ್ಕರೆ ಇರೋ ನೀರು, ಇನ್ನೂ ಏನೇನೋ."

"ಅವಳಿಗೆ ಸಿಹಿ ಆಗ್ತಿರ್ಲಿಲ್ಲ," ಎಂದು ಗೊಣಗುತ್ತಾ ಫೋನ್ ಇಡುವರು. ಗುಮಾಸ್ತ ಮರುಳಪ್ಪ ಕೇಳಿಸದವನಂತೆ ತಕ್ಕಡಿ ಒರೆಸುತ್ತಾ ನಿಲ್ಲುವನು.

ಶ್ರಾವಣದಲ್ಲಿ ಅಕ್ಷತಾ ಮತ್ತೆ ಬಂದಳು. ಈ ಸಲ ಅಪ್ಪನ ಎದುರಿಗೇ ಕೂತಳು.

"ಜೀವಕೋಶದ ಬಾಗಿಲಲ್ಲಿ ಒಂದು ಕಿಣ್ವ ಇರುತ್ತೆ ಅಪ್ಪಾಜಿ. 'ಬೆಳಿ' ಅಂತ ಹೊರಗಿಂದ ಸುದ್ದಿ ಬಂದ್ರೆ ಒಳಕ್ಕೆ ಮುಟ್ಟಿಸೋದು ಅದರ ಕೆಲಸ. ಅಮ್ಮನ ಗಡ್ಡೆಯಲ್ಲಿ ಅದು ವಿಪರೀತ ಇತ್ತು. ಯಾರೂ ಹೇಳದಿದ್ರೂ ಬೆಳಿ, ಬೆಳಿ ಅಂತಾನೇ ಇತ್ತು."

"ಯಜಮಾನ್ರು ಹೇಳವ್ರೆ ಅಂತ ಸುಳ್ಳು ಹೇಳಿ ಗೋಡೌನ್ ಬಾಗಿಲು ತೆಗ್ಸೋ ಗುಮಾಸ್ತನಂಗೆ."

"ಹಾಗೇನೇ. ಅದರ ಬಾಯಿ ಮುಚ್ಚಿಸೋಕೆ ಒಂದು ಔಷಧಿ ಬಂದಿದೆ, ಇನ್ನೂ ಪರೀಕ್ಷೆಯಲ್ಲಿದೆ. ಅಮ್ಮನ ಕೋಶಗಳ ಮೇಲೆ ಹಾಕಿ ನೋಡ್ಬೇಕು. ಕೆಲಸ ಮಾಡಿದ್ರೆ ಅವು ಸಾಯ್ತವೆ. ಫ್ರೀಜರಲ್ಲಿ ಎತ್ತಿಟ್ಟಿದ್ದೆಲ್ಲ ಕೆಟ್ಟುಹೋಯ್ತು, ಉಳಿದಿರೋದು ಈ ಸೀಸೆ ಒಂದೇ. ನೀವು ಹೂಂ ಅನ್ನದೆ ನಾನು ಮುಟ್ಟಲ್ಲ."

ಷಡಕ್ಷರಪ್ಪನವರಿಗೆ ಸಿಟ್ಟು ನೆತ್ತಿಗೇರಿತು. "ಬ್ಯಾಡ. ಅದರ ಪಾಡಿಗೆ ಅದು ಇರ್ಲಿ. ಯಾರಿಗೇನು ತೊಂದ್ರೆ ಕೊಡ್ತೈತೆ?"

"ಅಪ್ಪಾಜಿ, ಅದು ಅಮ್ಮ ಅಲ್ಲ. ಅಮ್ಮನ್ನ ತಿಂದಿದ್ದೇ ಅದು."

ಇಷ್ಟು ದಿನ ಅವರು ಕರೆಂಟ್ ಇದೆಯಾ, ಊಟವಾಯಿತಾ ಎಂದು ವಿಚಾರಿಸಿಕೊಂಡದ್ದು ಹೆಂಡತಿಯನ್ನಲ್ಲ, ಅವಳನ್ನು ಕೊಂದದ್ದನ್ನು. ನಾಚಿಕೆಯಾಯಿತು, ಅಸಹ್ಯವೂ ಆಯಿತು. ಆದರೂ ಹೂಂ ಎನ್ನಲು ಮನಸ್ಸೇ ಬರದು. ಮಾರನೆಯ ದಿನ ಸ್ಟೇಷನ್ನಿನಲ್ಲಿ ಗಾಡಿ ಅಲುಗಿದ ಮೇಲೆ, ಕಿಟಕಿಯ ಸರಳು ಹಿಡಿದು ಜೊತೆಗೇ ನಡೆಯುತ್ತಾ ಅಂದರು:

"ಇನ್ನೊಂದು ಹೆಣ್ಣಾದ್ರೂ ಉಳೀಲಿ. ಹಾಕು."

ಮುಂದಿನ ವಾರ ಮಧ್ಯಾಹ್ನ ಮಂಡಿಗೆ ಫೋನ್ ಬಂತು. ಅಕ್ಷತಾ ಮಾಡಿದ್ದಳು. "ಔಷಧಿ ಕೆಲಸ ಮಾಡ್ತು ಅಪ್ಪಾಜಿ."

"ಎಲ್ಲ ಹೋದ್ವಾ?"

"ಎಲ್ಲ."

"ನೋವಾಯ್ತಾ ಅದಕ್ಕೆ?"

ಅಕ್ಷತಾ ನಗಲಿಲ್ಲ. "ಇಲ್ಲ."

"ಅವಳನ್ನ ತಿಂದಿದ್ದು ಅದೇ ಅಂತ ನಂಗೂ ಗೊತ್ತೈತೆ ಕಣವ್ವ. ಸಾಯ್ಲಿ ಅಂತಾನೇ ಹೇಳ್ದೆ. ಆದ್ರೂ ಈ ಭೂಮಿ ಮೇಲೆ ಅವಳ್ದು ಅಂತ ಬೆಚ್ಚಗೆ ಇದ್ದಿದ್ದು ಅದೊಂದೇ ಅಲ್ವಾ."

"ನಾನಿಲ್ವಾ ಅಪ್ಪಾಜಿ? ನನ್ನ ಮೈಯೂ ಅವಳದ್ದೇ ಅಲ್ವಾ?"

ಮಗಳು ಸಮಾಧಾನಕ್ಕೆಂದು ಹೇಳಿದ ಮಾತು. ಆದರೆ ಸೀಸೆಯ ಯೋಚನೆಯಲ್ಲೇ ಮುಳುಗಿದ್ದ ಷಡಕ್ಷರಪ್ಪನವರಿಗೆ, ಅಮ್ಮನ ರೋಗ ಮಗಳ ಮೈಯಲ್ಲೂ ಇದ್ದೀತು ಎಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಬೆಳೆದ ಮಗಳ ಹತ್ತಿರ ಅಪ್ಪನಾದವನು ಎತ್ತುವ ಮಾತಲ್ಲ ಅದು. ಮರುಳಪ್ಪನಿಗೆ ಬೆನ್ನು ಮಾಡಿ ನಿಂತು, ಮೆಲ್ಲಗೆ ಕೇಳಿದರು.

"ನೀನು ಡಾಕ್ಟರಿಗೆ ತೋರಿಸ್ಕೊಂಡಿದೀಯಾ?"

"ಇಲ್ಲ ಅಪ್ಪಾಜಿ. ಭಯ ಆಗುತ್ತೆ."

"ನಾಳೆ ಬೆಳಗಿನ ಗಾಡಿಗೆ ಬತ್ತೀನಿ," ಎಂದರು ಷಡಕ್ಷರಪ್ಪನವರು. "ಇಬ್ರೂ ಹೋಗಾಣ."