ನನ್ನ ಹೊಟ್ಟೆಯ ಮೇಲಿದ್ದ ಕೈ

ನಾನು ಒಂದು ಬೆಕ್ಕು. ಹುಟ್ಟಿದ್ದು ಗುಳೇದಗುಡ್ಡದ ಒಂದು ಹಿಟ್ಟಿನ ಗಿರಣಿಯ ಹಿಂದೆ, ಹರಿದ ಚೀಲಗಳ ರಾಶಿಯಲ್ಲಿ. ನನ್ನ ಬಣ್ಣ ಬೂದು. ಆದರೆ ಮೈತುಂಬ ಜೋಳದ ಹಿಟ್ಟು ಮೆತ್ತಿಕೊಂಡಿರುತ್ತಿದ್ದುದರಿಂದ ಗಿರಣಿಗೆ ಬಂದವರೆಲ್ಲ ಬಹಳ ದಿನ ನನ್ನನ್ನು ಬಿಳಿ ಬೆಕ್ಕೆಂದೇ ತಿಳಿದಿದ್ದರು. ಒಮ್ಮೆ ಮಳೆಯಲ್ಲಿ ನೆನೆದಾಗ ನಿಜ ಹೊರಬಿತ್ತು. ಮನುಷ್ಯರ ತಿಳಿವಳಿಕೆಯ ಮೇಲೆ ನನಗೆ ಅಂದಿನಿಂದಲೂ ನಂಬಿಕೆ ಅಷ್ಟಕ್ಕಷ್ಟೆ.

ಗಿರಣಿಯಲ್ಲಿ ಇಲಿಗಳಿಗೆ ಕೊರತೆ ಇರಲಿಲ್ಲ. ಸಿಕ್ಕಿದ್ದನ್ನೆಲ್ಲ ತಿಂದೆ. ನನ್ನ ಬೇಟೆ ನೋಡಿ ಮೆಚ್ಚಿದ ಖಾನಾವಳಿಯ ಯಜಮಾನಿಯೊಬ್ಬಳು ನನ್ನನ್ನು ಎತ್ತಿಕೊಂಡು ಹೋದಳು. ಅಲ್ಲಿ ರೊಟ್ಟಿಯ ಚೂರು, ತಳದ ಮಜ್ಜಿಗೆ, ಸಾಲಾಗಿ ಕುಳಿತು ಉಣ್ಣುವವರ ಕಾಲುಗಳು. ಕಾಲು ನೋಡಿ ಮನುಷ್ಯನ ಗುಣ ಹೇಳುವ ವಿದ್ಯೆ ನನಗೆ ಬಂದದ್ದು ಅಲ್ಲಿಯೇ. ಕೆಲವು ತಿಂಗಳಾಗುವಷ್ಟರಲ್ಲಿ ನನ್ನ ಹೊಟ್ಟೆ ಉಬ್ಬತೊಡಗಿತು. ಬೆನ್ನು ಕಡ್ಡಿಯಂತೆ, ಹೊಟ್ಟೆ ಮಾತ್ರ ಗುಡಾಣ. ಮರಿ ಹಾಕಿ ಅಡುಗೆಮನೆ ಹೊಲಸು ಮಾಡೀತೆಂದು ಯಜಮಾನಿಗೆ ಚಿಂತೆ ಹತ್ತಿತು. ಸಂತೆಯ ದಿನ ಊಟಕ್ಕೆ ಬರುತ್ತಿದ್ದ ನೇಕಾರ ಸಂಗಪ್ಪನಿಗೆ ನನ್ನನ್ನು ಚೀಲದ ಸಮೇತ ದಾಟಿಸಿಬಿಟ್ಟಳು. ಅವನ ಮನೆಯಲ್ಲಿ ಇಲಿಗಳು ನೂಲು ಕಡಿಯುತ್ತಿದ್ದವು.

ಹೊಟ್ಟೆಯೊಳಗೆ ಏನಿದೆ ಎಂದು ಬೆಕ್ಕಿಗೇ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ನಿಮ್ಮ ಹೊಟ್ಟೆಯೊಳಗೆ ಏನಿದೆ ಎಂದು ನಿಮಗೆ ಗೊತ್ತಿದೆಯೇ? ನನಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಭಾರವಿತ್ತು, ಹಸಿವಿತ್ತು, ಅಷ್ಟೇ ಗೊತ್ತಿತ್ತು.

ಸಂಗಪ್ಪನ ಮನೆಯಲ್ಲಿ ಖಣ ಎಂಬ ಕುಪ್ಪಸದ ಬಟ್ಟೆ ನೇಯುವ ಎರಡು ಕುಣಿಮಗ್ಗಗಳಿದ್ದವು. ಕುಣಿಮಗ್ಗವೆಂದರೆ ನೆಲದಲ್ಲಿ ಒಂದು ಗುಂಡಿ. ನೇಯುವವರು ಅದರ ಅಂಚಿಗೆ ಕುಳಿತು ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತಾರೆ. ಒಂದರಲ್ಲಿ ಸಂಗಪ್ಪ ದಿನವಿಡೀ ತುಳಿಯುತ್ತಿದ್ದ. ಇನ್ನೊಂದು ಸುಮ್ಮನೆ ನಿಂತಿತ್ತು. ಬಂದ ದಿನವೇ ಆ ಖಾಲಿ ಗುಂಡಿಗೆ ಇಳಿದು ತಣ್ಣನೆಯ ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗಿದೆ. ಆಗ ಒಂದು ಸಂಗತಿ ನಡೆಯಿತು. ಅಲ್ಲಿ ಯಾರೋ ಕಾಲು ಇಳಿಬಿಟ್ಟು ಕುಳಿತಿದ್ದರು. ಕಾಲುಗಳು ಕಾಣಲಿಲ್ಲ. ನನಗೆ ಜಾಗ ಸಾಲದೆಂದು ಅವು ತುಸು ಸರಿದುಕೊಂಡವು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ಹೆದರಿಕೆಯಾಗಲಿಲ್ಲ, ಯಾರೇ ಆಗಲಿ, ಒಳ್ಳೆಯವರು ಎಂದುಕೊಂಡು ನಿದ್ದೆ ಹೋದೆ.

ಸಂಗಪ್ಪನ ಹೆಂಡತಿ ಗುರಬಸವ್ವ ನನ್ನನ್ನು ಮೊದಲ ಸಲ ಎತ್ತಿದಾಗ ಅವಳ ಕೈ ನನ್ನ ಹೊಟ್ಟೆಯ ಮೇಲೆ ಬಂದು ನಿಂತಿತು. ಮುದ್ದಿಸುವ ಕೈ ಅದಲ್ಲ. ಅದು ಕಾಯುತ್ತಿತ್ತು. ಬಹಳ ಹೊತ್ತು ಹಾಗೇ ಇಟ್ಟುಕೊಂಡು, ಕೊನೆಗೆ ನನ್ನನ್ನು ಕೆಳಗೆ ಬಿಟ್ಟು ಒಳಗೆ ಹೋದಳು. ಮರುದಿನವೂ ಹಾಗೇ. ಅವಳು ಬರುವುದು ಕಂಡರೆ ನಾನು ಗುಂಡಿಗೆ ಇಳಿಯತೊಡಗಿದೆ. ಆ ಕಾಯುವ ಕೈ ನನಗೆ ಹಿಡಿಸುತ್ತಿರಲಿಲ್ಲ.

ಕಾರಣ ತಿಳಿದದ್ದು ಓಣಿಯ ಹೆಂಗಸರ ಮಾತಿನಿಂದ. ಅವರು ಕಟ್ಟೆಯ ಮೇಲೆ ನೂಲು ಸುತ್ತುತ್ತ, ಗುರಬಸವ್ವ ಇಲ್ಲದಾಗ ದನಿ ತಗ್ಗಿಸಿ ಆಡಿಕೊಳ್ಳುತ್ತಿದ್ದರು. ಆ ಖಾಲಿ ಮಗ್ಗ ಅವಳ ಒಬ್ಬಳೇ ಮಗಳು ದಾನವ್ವನದು. ಮದುವೆಯಾಗಿ ಹೋದ ಹುಡುಗಿಗೆ ಹೊಟ್ಟೆ ಬಂತು. ಎರಡೂ ಮನೆಯವರು ಹಿಗ್ಗಿದರು. ಗುರಬಸವ್ವ ತಾನೇ ಕುಳಿತು ಹಸಿರು ಖಣ ನೇಯ್ದು, ಬಳೆ ಇಡಿಸಿ, ಓಣಿಯ ಹೆಂಗಸರನ್ನು ಕರೆದು ಸೀಮಂತದ ಕುಬಸ ಮಾಡಿದಳು. ಹಾಡಿದವರು ಇವರೇ. ಅದಾಗಿ ಸ್ವಲ್ಪ ದಿನಕ್ಕೆ ಹುಡುಗಿ ನೋವಿನಿಂದ ಬಿದ್ದಾಗ ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ಹೊಟ್ಟೆಯಲ್ಲಿ ಕೂಸು ಇರಲೇ ಇಲ್ಲ, ಗಡ್ಡೆ ಇತ್ತು. ಮೊದಲೇ ತೋರಿಸಿದ್ದರೆ ಎಂದು ಅಲ್ಲಿಯ ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರಂತೆ. ದಾನವ್ವ ತಿರುಗಿ ಬರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರನ್ನು ಗಂಡನೂ ಎತ್ತುತ್ತಿರಲಿಲ್ಲ, ಹೆಂಡತಿಯೂ ಎತ್ತುತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಹೆಂಗಸರು ನನ್ನ ಹೊಟ್ಟೆ ನೋಡಿ ಮತ್ತೆ ಅದೇ ತೀರ್ಪು ಕೊಟ್ಟರು. ಎಷ್ಟು ಮರಿ ಎಂಬುದರ ಮೇಲಷ್ಟೇ ಜಗಳ. ಒಂದು ಮಧ್ಯಾಹ್ನ ಪಕ್ಕದ ಮನೆಯ ಪಾರಕ್ಕ ತಮಾಷೆಗೆಂದು ಹಸಿರು ಖಣದ ತುಂಡೊಂದನ್ನು ನನ್ನ ಕೊರಳಿಗೆ ಕಟ್ಟಿದಳು. ಹಣೆಗೆ ಕುಂಕುಮ ಹಚ್ಚಿದಳು. ಬಾಯಿಗೆ ಒಂದಿಷ್ಟು ಸಿಹಿ ಮಾದಲಿ ಹಿಡಿದಳು, ಅದು ಮಾತ್ರ ಚೆನ್ನಾಗಿತ್ತು. ಬೆಕ್ಕಿಗೆ ಕುಬಸವೆಂದು ಎಲ್ಲರೂ ನಗುತ್ತ ಹಾಡು ಎತ್ತಿಕೊಂಡರು. ಪಾರಕ್ಕ ಕೆಟ್ಟವಳಲ್ಲ, ಯೋಚನೆ ಇಲ್ಲದವಳು.

ನೀರಿನ ಕೊಡ ಹೊತ್ತು ಬಂದ ಗುರಬಸವ್ವ ಬಾಗಿಲಲ್ಲೇ ನಿಂತಳು. ಹಾಡು ತಾನಾಗಿ ನಿಂತಿತು. ಅವಳು ಕೊಡ ಇಳಿಸಿ, ನನ್ನ ಕೊರಳಿನ ಗಂಟು ಬಿಚ್ಚಲು ಹೋದಳು. ಅದು ಬಿಚ್ಚದಿದ್ದಾಗ ಹಲ್ಲಿನಿಂದ ಕಚ್ಚಿ ಹರಿದಳು.

"ಒಳಗ ಏನೈತಿ ಅಂತ ಯಾರರ ನೋಡೀರೇನು?" ಎಂದಳು.

ಅವತ್ತೇ ನನ್ನನ್ನು ದನದ ದವಾಖಾನೆಗೆ ಒಯ್ಯುತ್ತೇನೆಂದು ಹಟ ಹಿಡಿದಳು. ಸಂಗಪ್ಪನಿಗೆ ಅದು ಸುತರಾಂ ಬೇಡ. ಬೆಕ್ಕನ್ನು ಯಾರಾದರೂ ದವಾಖಾನೆಗೆ ಒಯ್ಯುತ್ತಾರೆಯೇ, ಹಾಕಿದರೆ ಹಾಕುತ್ತದೆ, ಇಲ್ಲದಿದ್ದರೆ ಇಲ್ಲ, ಜನ ನಕ್ಕಾರು ಎಂದೆಲ್ಲ ಹೇಳಿದ. ಅವನ ಕಾಲುಗಳು ಮಾತ್ರ ಗುಂಡಿಯಲ್ಲಿ ತುಳಿಯುವುದನ್ನು ಬಿಟ್ಟು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಜನರ ನಗೆಗೆ ಹೆದರುವವನ ಕಾಲು ಹಾಗಿರುವುದಿಲ್ಲ. ಅವನಿಗೆ ಬೇರೇನೋ ಭಯವಿತ್ತು. ಗುರಬಸವ್ವ ನನ್ನನ್ನು ಬುಟ್ಟಿಯಲ್ಲಿ ಹಾಕಿ ಸೆರಗು ಮುಚ್ಚಿ ಹೊರಟಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಅವನ ಚಪ್ಪಲಿಯ ಸದ್ದು ಕೇಳಿತು.

ದವಾಖಾನೆಯಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರು. ನನ್ನ ಒಸಡು ಎತ್ತಿ ನೋಡಿದಳು; ಬಿಳಿಚಿಕೊಂಡಿತ್ತು. ಪಕ್ಕೆಲುಬು ಸವರಿದಳು. ಹೊಟ್ಟೆಯನ್ನು ಮೆಲ್ಲಗೆ ಅಲ್ಲಲ್ಲಿ ಒತ್ತಿದಳು. ಬುಟ್ಟಿಯಲ್ಲಿ ನಾನು ಭಯಕ್ಕೆ ಮಾಡಿಕೊಂಡಿದ್ದನ್ನು ಒಯ್ದು ಗಾಜಿನ ಕೆಳಗೆ ಇಟ್ಟು ನೋಡಿದಳು. ಗುರಬಸವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಸಂಗಪ್ಪ ಗೋಡೆ ನೋಡುತ್ತಿದ್ದ.

"ಮರಿ ಇಲ್ರೀ ಅಮ್ಮಾ, ಜಂತು ಅದಾವ," ಎಂದಳು ಡಾಕ್ಟರು. ಗುಳಿಗೆ ಕೊಟ್ಟರೆ ಹೋಗುತ್ತವೆ, ಹದಿನೈದು ದಿನ ಬಿಟ್ಟು ಇನ್ನೊಂದು ಹಾಕಬೇಕು, ಮರಿಯೆಂದು ಸುಮ್ಮನೆ ಬಿಟ್ಟಿದ್ದರೆ ರಕ್ತವೆಲ್ಲ ಹೋಗಿ ಸಾಯುತ್ತಿತ್ತು, ಒಳ್ಳೆಯದಾಯಿತು ತಂದಿರಿ ಎಂದಳು.

ಹೊರಗೆ ಬಂದು ಇಬ್ಬರೂ ದವಾಖಾನೆಯ ಕಟ್ಟೆಯ ಮೇಲೆ ಕುಳಿತರು, ನಡುವೆ ಬುಟ್ಟಿಯಲ್ಲಿ ನಾನು. ಗುರಬಸವ್ವ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಕುಬಸದ ದಿನ ಆಕಿ ನನ್ನ ಒಳಗ ಕರದು ಹೇಳಿದ್ಲು. ಅವ್ವಾ, ಕೂಸು ಒದ್ಯಾಕತ್ತಿಲ್ಲ ಅಂತ. ಹೆಣ್ಣ ಕೂಸಿದ್ರ ಹಂಗ, ಮೆತ್ತಗಿರತೈತಿ ಅಂದ್ನಿ ನಾ. ಹೋಗಿ ಆರತಿಗೆ ಕುಂದ್ರು ಅಂದ್ನಿ. ಇಷ್ಟು ವರ್ಷ ನಿಮಗ ಹೇಳಾಕ ಧೈರ್ಯ ಆಗಲಿಲ್ಲ."

ಸಂಗಪ್ಪನ ಕಾಲ ಬೆರಳುಗಳು ಚಪ್ಪಲಿಯನ್ನು ಬಿಗಿಯಾಗಿ ಹಿಡಿದಿದ್ದವು.

"ನನಗೂ ಹೇಳಿದ್ಲು," ಎಂದ. "ಬಸ್ಸಿಗೆ ಹತ್ತಿಸಾಕ ಹೋದಾಗ. ಹೆಣ್ಮಕ್ಕಳ ಮಾತು ನನಗೇನ್ ಗೊತ್ತು, ನಿಮ್ಮವ್ವನ್ನ ಕೇಳು ಅಂದ್ನಿ."

ಒಬ್ಬರು ಇನ್ನೊಬ್ಬರಿಂದ ಮುಚ್ಚಿಟ್ಟದ್ದು ಒಂದೇ ಮಾತನ್ನು. ಅವರು ಅಳಲಿಲ್ಲ. ಕತ್ತಲಾಗುವ ಮುಂಚೆ ಎದ್ದು ಮನೆಗೆ ನಡೆದರು. ಈ ಸಲ ಅವನು ಹಿಂದೆ ಉಳಿಯಲಿಲ್ಲ.

ಗುಳಿಗೆ ಕಹಿಯಾಗಿತ್ತು. ನಾನು ಪರಚಿದ ಗುರುತು ಸಂಗಪ್ಪನ ಕೈಮೇಲೆ ಇನ್ನೂ ಇದೆ. ಜಂತು ಬಿದ್ದವು, ಹೊಟ್ಟೆ ಇಳಿಯಿತು, ಓಣಿಗೆ ನಿರಾಸೆಯಾಯಿತು. ಮನೆಯಲ್ಲಿ ದಾನವ್ವನ ಹೆಸರು ಕೇಳತೊಡಗಿತು. ಊಟಕ್ಕೆ ಕುಳಿತಾಗ, ನೂಲು ಸುತ್ತುವಾಗ, ಸುಮ್ಮಸುಮ್ಮನೆ. ಇದರಿಂದ ಅವಳು ಆ ಗುಂಡಿ ಬಿಟ್ಟು ಹೋದಳೆಂದು ಹೇಳಿದರೆ ನಿಮಗೆ ಹಿತವಾದೀತು. ಅವಳು ಹೋಗಿಲ್ಲ. ನಾನು ದಿನಾ ಅವಳ ಪಕ್ಕದಲ್ಲೇ ಮಲಗುತ್ತೇನೆ.

ಗುರಬಸವ್ವನಿಗೆ ಮಾತ್ರ ಒಂದು ಹೊಸ ಚಾಳಿ ಹತ್ತಿತು. ಓಣಿಯಲ್ಲಿ ಯಾವ ಹುಡುಗಿಗೆ ಹೊಟ್ಟೆ ಬಂದರೂ ಅವರ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ, ಕೂಸು ಒದೆಯುತ್ತದೆಯೇ, ಎಲ್ಲಿ ತೋರಿಸಿದಿರಿ ಎಂದು ಕೇಳುತ್ತಾಳೆ. ಉತ್ತರ ಸಿಗುವವರೆಗೆ ಕದಲುವುದಿಲ್ಲ. ಅವಳ ಬಾಯಿ ಒಳ್ಳೆಯದಲ್ಲವೆಂದು ಹೆಂಗಸರು ಬಸುರಿಯರನ್ನು ಒಳಗೆ ಕಳಿಸಿ ಬಾಗಿಲು ಹಾಕಿಕೊಳ್ಳತೊಡಗಿದರು. ಕುಬಸಕ್ಕೆ ಅವಳನ್ನು ಕರೆಯುವುದನ್ನೂ ಬಿಟ್ಟರು. ಅವಳಿಗೆ ನೋವಾಗುತ್ತಿತ್ತು, ಆದರೂ ಹೋಗುತ್ತಿದ್ದಳು.

ಈಗ ನನಗೆ ವಯಸ್ಸಾಗಿದೆ. ಇಲಿಗಳು ನನ್ನ ಮುಂದೆಯೇ ಓಡಾಡುತ್ತವೆ, ನಾನು ಕಂಡೂ ಕಾಣದಂತೆ ಇರುತ್ತೇನೆ. ಇವತ್ತು ಮಧ್ಯಾಹ್ನ ಪಾರಕ್ಕನ ಸೊಸೆ ಬಂದಳು. ಊದಿದ ಪಾದ, ಹೊಸ ಹಸಿರು ಬಳೆ. ಅತ್ತೆ ಮಲಗಿದ್ದಾಳೆಂದು ನೋಡಿಕೊಂಡು ಬಂದಿದ್ದಳು. ಹೊಸ್ತಿಲಲ್ಲೇ ನಿಂತು, ಓಣಿಗೆ ಕೇಳದಷ್ಟು ಮೆಲ್ಲಗೆ, ನಿನ್ನೆಯಿಂದ ಕೂಸು ಒದೆಯುತ್ತಿಲ್ಲ ಎಂದಳು.

ಸಂಗಪ್ಪನ ಮಗ್ಗ ನಿಂತಿತು. ಅವನು ಏನೂ ಕೇಳದೆ ಎದ್ದು, ಅಂಗಿಯನ್ನೂ ಹಾಕಿಕೊಳ್ಳದೆ ಆಟೋ ತರಲು ಓಡಿದ. ಗುರಬಸವ್ವ ಆಗಲೇ ಹುಡುಗಿಯ ಕೈ ಹಿಡಿದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಈ ಸಲ ಆ ಮಾತಿಗೆ ಯಾರೂ ಸಮಾಧಾನ ಹೇಳಲಿಲ್ಲ.