ಹನ್ನೆರಡು ನಿಮಿಷದ ಹೂಂ

ಮಗಳು ಪರೀಕ್ಷೆಯಲ್ಲಿ ನಪಾಸಾದ ಸುದ್ದಿ ಹೇಳಿದಾಗ ಚನಬಸಪ್ಪ, "ಭಾಳ ಛಲೋ ಆತವಾ! ಓಣಿಗೆಲ್ಲಾ ಪೇಢೆ ಹಂಚು," ಎಂದುಬಿಟ್ಟ.

ಬೇಕೆಂದು ಆಡಿದ ಮಾತಲ್ಲ. ದಾನೇಶ್ವರಿ ಊರಿನಿಂದ ಬಾಗಲಕೋಟೆಗೆ ಹೋಗಿಬಂದು ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಳು. ರಿಸಲ್ಟು ಇವತ್ತು ಬಂತು, ನಾಳೆ ಬಂತು ಎನ್ನುತ್ತಿದ್ದ ವಾರ ಅದು. ವಿಡಿಯೊ ಕಾಲಿನಲ್ಲಿ ಅವಳ ಮುಖ ಒಂದು ಗಳಿಗೆ ಅಲುಗಾಡುವುದು, ಒಂದು ಗಳಿಗೆ ಕಲ್ಲಾಗಿ ನಿಂತುಬಿಡುವುದು. ನಿಂತಾಗ ಅವಳ ಬಾಯಿ ಅರ್ಧ ತೆರೆದಿತ್ತು. ಅಷ್ಟು ಚಿಕ್ಕ ಪರದೆಯ ಮೇಲೆ ಅದು ನಗುವೋ ಅಳುವೋ ಗೊತ್ತಾಗುವಂತಿರಲಿಲ್ಲ. "ರಿಸಲ್ಟ್" ಎಂಬ ಒಂದು ಶಬ್ದ ಚನಬಸಪ್ಪನ ಕಿವಿಗೆ ಬಿತ್ತು. ಉಳಿದದ್ದನ್ನು ಅವನೇ ತುಂಬಿಕೊಂಡ.

ಫೋನು ಕಟ್ಟಾಯಿತು. ನೆಟ್‌ವರ್ಕ್ ಹೋಗಿರಬೇಕೆಂದುಕೊಂಡು ಅವನು ಖುಷಿಯಿಂದಲೇ ರೊಟ್ಟಿ ಬಡಿಯಲು ಕೂತ. ಮರುದಿನ ಸಂಜೆ, ಅವನ ಊರಿನವನೂ ಬೆಂಗಳೂರಿನಲ್ಲಿ ಅವನ ರೂಮಿನಲ್ಲೇ ಇರುವವನೂ ಆದ ಈರೇಶ್ ಬಂದು ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

"ಅಣ್ಣಾ, ದಾನೇಶ್ವರಿದು ಒಂದು ಪೇಪರ್ ಹೋಗೇತಂತ. ನೀ ಪೇಢೆ ಹಂಚು ಅಂದೆಂತಲ್ಲ? ಹಂಗಿಸಿ ಮಾತಾಡಿದ ಅಂತ ಹುಡುಗಿ ನಿನ್ನೀಯಿಂದ ಉಂಡಿಲ್ಲ."

ಚನಬಸಪ್ಪ ತಟ್ಟೆ ಕೆಳಗಿಟ್ಟ. ತಕ್ಷಣ ಫೋನು ಮಾಡಿ, "ನೆಟ್‌ವರ್ಕ್ ಸರಿ ಇರಲಿಲ್ಲವಾ, ತಪ್ಪು ತಿಳೀಬ್ಯಾಡ," ಎಂದ. ಮಗಳು ಏನೋ ಅಂದಳು. ಅದೂ ಕೇಳಿಸಲಿಲ್ಲ. "ಹೂಂ," ಎಂದ.

ಪೀಣ್ಯದ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಅವನಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಪವರ್ ಪ್ರೆಸ್ಸಿನ ಕೆಲಸ. ತಗಡಿನ ಪಟ್ಟಿಯನ್ನು ತಳ್ಳಿದರೆ ಮೇಲಿನಿಂದ ಡೈ ಎಂಬ ಉಕ್ಕಿನ ಅಚ್ಚು ಬಂದು ಕುಕ್ಕುತ್ತದೆ, ವಾಷರ್ ಕೆಳಗೆ ಬೀಳುತ್ತದೆ. ಮಿನಿಟಿಗೆ ನಲವತ್ತು ಪೆಟ್ಟು, ಅಂಥ ಹನ್ನೊಂದು ಯಂತ್ರ ಒಂದೇ ಛಾವಣಿಯ ಕೆಳಗೆ. ಕಿವಿಗೆ ಹಾಕಿಕೊಳ್ಳಲು ಹಳದಿ ಬೆಂಡು ಕೊಟ್ಟಿದ್ದರು. ಆದರೆ ಅದನ್ನು ಹಾಕಿಕೊಂಡರೆ ಡೈ ಸವೆದಿದೆಯೋ ಇಲ್ಲವೋ ಪೆಟ್ಟಿನ ಸದ್ದಿನಿಂದ ತಿಳಿಯುತ್ತಿರಲಿಲ್ಲ. ಸದ್ದು ಕೇಳಿಯೇ ಡೈ ಸವೆದದ್ದನ್ನು ಹೇಳಬಲ್ಲವನೆಂದು ಅವನಿಗೆ ಹೆಸರಿತ್ತು. ಬೆಂಡು ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಗುಬ್ಬಿಗಳ ಸದ್ದು ಹೋಯಿತು, ಬೆಂಗಳೂರಿನಲ್ಲಿ ಗುಬ್ಬಿ ಇಲ್ಲವೆಂದುಕೊಂಡ. ಆಮೇಲೆ ಕುಕ್ಕರಿನ ಸೀಟಿ. ಈಗೀಗ ಜನರ ದನಿ ಬರುತ್ತಿತ್ತು, ಆದರೆ ಒದ್ದೆ ಬಟ್ಟೆಯೊಳಗಿಂದ ಬಂದಂತೆ. ಎದುರಿಗಿದ್ದವರ ತುಟಿ ನೋಡಿಕೊಂಡು ಸಂಭಾಳಿಸುತ್ತಿದ್ದ. ಫೋನಿನಲ್ಲಿ ಮಾತ್ರ ಆ ಆಟ ನಡೆಯುತ್ತಿರಲಿಲ್ಲ. ಯಾರಿಗೂ ಹೇಳುವಂತಿರಲಿಲ್ಲ. ಎರಡು ವರ್ಷದ ಹಿಂದೆ ಯಮನೂರ ಎಂಬ ಹಳೆಯ ಕೆಲಸಗಾರನಿಗೆ ಕಿವಿ ಮಂದ ಎಂದು ಗೊತ್ತಾದ ಮೇಲೆ ಅವನನ್ನು ಯಂತ್ರದಿಂದ ತೆಗೆದು ಕಸ ಗುಡಿಸಲು ಹಾಕಿದ್ದರು. ಮೂರು ತಿಂಗಳಿಗೆ ಅವನೇ ಬಿಟ್ಟು ಹೋದ. ಹೋಗುವ ದಿನವೂ ಹುಡುಗರು ಹಿಂದಿನಿಂದ "ಕಿವುಡಾ" ಎಂದು ಕೂಗಿ ನೋಡಿ ನಗುತ್ತಿದ್ದರು. ಆ ನಗುವಿನಲ್ಲಿ ಚನಬಸಪ್ಪನೂ ಸೇರಿದ್ದ, ತನ್ನ ಮೇಲೆ ಯಾರಿಗೂ ಅನುಮಾನ ಬಾರದಿರಲೆಂದು.

ಪೇಢೆಯ ಮಾತಿನ ಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ಕಾಲು ನಡೆಯುವಾಗ ಫೋನಿನ ಪರದೆಯನ್ನೇ ರೆಕಾರ್ಡ್ ಮಾಡಿಟ್ಟುಕೊಂಡರೆ? ಆಮೇಲೆ ಒಬ್ಬನೇ ಕೂತು ಹತ್ತು ಸಲ ಹಾಕಿ ಕೇಳಬಹುದು. ಹತ್ತು ಸಲ ಕೇಳಿದರೆ ಮಾತು ಬಿಡಿಸಿಕೊಳ್ಳದೇ? ಕ್ರಿಕೆಟ್ ಆಟದ ತುಣುಕುಗಳನ್ನು ಈರೇಶ್ ಹಾಗೆ ಹಿಡಿದಿಡುವುದನ್ನು ಅವನು ನೋಡಿದ್ದ. ಭಾನುವಾರ ಇಯರ್‌ಫೋನ್ ಹಾಕಿಕೊಂಡು, ಕೆಂಪು ಗುಂಡಿ ಒತ್ತಿ, ಮಗಳಿಗೆ ಕಾಲ್ ಮಾಡಿದ. ಹನ್ನೆರಡು ನಿಮಿಷ ಮಾತಾಡಿದರು. ಮುಗಿದ ಮೇಲೆ ಆಸೆಯಿಂದ ಹಾಕಿ ನೋಡಿದ.

ಪರದೆಯ ಮೇಲೆ ಮಗಳು ಮಾತಾಡುತ್ತಿದ್ದಳು. ಕೇಳಿಸುತ್ತಿದ್ದದ್ದು ಅವನ ದನಿ ಮಾತ್ರ. "ಹೂಂ... ಹೂಂ... ಹೌದೇನ... ಹೂಂ." ಹನ್ನೆರಡು ನಿಮಿಷ ಬರೀ ಹೂಂ. ಅಷ್ಟು ಹೊತ್ತು ತಾನು ಬೇರೇನೂ ಆಡಿರಲಿಲ್ಲವೆಂಬುದು ಅವನಿಗೆ ಆಗಲೇ ತಿಳಿದದ್ದು.

ಸೋಮವಾರ ಕೆಲಸ ಬಿಟ್ಟವನೇ ಬಸ್ ಸ್ಟಾಪಿನ ಎದುರಿನ ಮೊಬೈಲ್ ಅಂಗಡಿಗೆ ಹೋದ. ಅದನ್ನು ನಡೆಸುವವಳು ವನಜಾ. ಪೀಣ್ಯ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿರುವ ಹಳೆಯ ಮನೆತನದ ಹೆಂಗಸು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಬಾಡಿಗೆ ಕಟ್ಟಡ, ಅದರ ಕೆಳಗಿನ ಮಳಿಗೆಯಲ್ಲಿ ಅವಳ ಅಂಗಡಿ.

"ಇದರಾಗ ನನ್ನ ದನಿ ಅಷ್ಟ ಬಂದೈತ್ರಿ. ಆ ಕಡೀದವರ ದನಿ ಬರಬೇಕು," ಎಂದು ಫೋನು ಕೊಟ್ಟ.

ವನಜಾ ಹಾಕಿ ನೋಡಿದಳು. ಹೂಂಗಳ ಸಾಲು ಅಂಗಡಿಯಲ್ಲೆಲ್ಲ ಕೇಳಿಸಿತು. "ಇದು ಮೈಕ್ ಮೇಲಿದೆ ಅಣ್ಣ. ನೀವು ಇಯರ್‌ಫೋನ್ ಹಾಕೊಂಡಿದ್ರಲ್ಲ, ಅವ್ರ ಮಾತು ಹೊರಗೇ ಬಂದಿಲ್ಲ. ಫೋನ್ ಒಳಗಿನ ಸೌಂಡ್ ಅಂತ ಬೇರೆ ಇರತ್ತೆ, ಅದನ್ನ ಆನ್ ಮಾಡ್ಬೇಕು..." ಎಂದು ಬೆರಳು ಇಟ್ಟವಳು ತಡೆದಳು. "ಯಾರ ಕಾಲಿದು?"

"ನನ್ನ ಮಗಳದು."

"ರೆಕಾರ್ಡ್ ಮಾಡ್ತಿರೋದು ಅವ್ಳಿಗೆ ಗೊತ್ತಾ?"

ರಸ್ತೆಯಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು. ವನಜಾ ತಲೆ ತಗ್ಗಿಸಿ ಫೋನು ನೋಡುತ್ತಲೇ ಕೇಳಿದ್ದರಿಂದ ತುಟಿಯೂ ಕಾಣಲಿಲ್ಲ. ಚನಬಸಪ್ಪ, "ಹೂಂ," ಎಂದ.

"ಗೊತ್ತಿದ್ರೆ ಅವ್ಳನ್ನೇ ಕೇಳ್ಬಹುದಲ್ಲ, ಏನಂದೆ ಅಂತ?"

"ಹೂಂ."

ವನಜಾ ಮುಖ ಗಂಟಿಕ್ಕಿದಳು. ಫೋನನ್ನು ಗಾಜಿನ ಮೇಲೆ ಅವನ ಕಡೆಗೆ ತಳ್ಳಿದಳು. "ಬೇಡ ಅಣ್ಣ. ಹೋದ ತಿಂಗ್ಳು ಒಬ್ಬ ಬಂದು ಹೆಂಡ್ತಿ ಮಾತೆಲ್ಲ ರೆಕಾರ್ಡ್ ಮಾಡೋಕೆ ಕಲ್ತ್ಕೊಂಡು ಹೋದ. ಆಮೇಲೆ ಆಯಮ್ಮ ಇಲ್ಲೇ ನಿಂತ್ಕೊಂಡು ಅತ್ಲು. ಈ ಕೆಲ್ಸ ನಾನು ಮಾಡ್ಕೊಡಲ್ಲ."

ಮಾತು ಪೂರಾ ಸಿಗದಿದ್ದರೂ ತಳ್ಳಿದ ಕೈ ಅರ್ಥವಾಯಿತು. ಚನಬಸಪ್ಪ ಫೋನು ಎತ್ತಿಕೊಂಡು ಮೆಟ್ಟಿಲಿಳಿದ. ನಾಲ್ಕು ಹೆಜ್ಜೆ ಹೋದವನಿಗೆ ಮುಂದಿನ ಭಾನುವಾರ ನೆನಪಾಯಿತು. ಮತ್ತೆ ಆ ಮುಖ, ಮತ್ತೆ ಆ ಹೂಂ. ತಿರುಗಿ ಬಂದು ಗಾಜಿನ ಮೇಲೆ ಎರಡೂ ಕೈ ಊರಿ ನಿಂತ.

"ಮೇಡಂ, ನನಗ ಕಿವಿ ಕೇಳಂಗಿಲ್ರಿ."

ಈ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ನಿಲ್ಲಿಸಲು ಬರಲಿಲ್ಲ. "ಅಕಿ ಮಾತಾಡ್ತಾಳ, ನಾ ಹೂಂ ಅಂತೀನಿ. ನಪಾಸಾಗೇನಿ ಅಂತ ಹೇಳಿದ್ಲು, ನಾ ಪೇಢೆ ಹಂಚು ಅಂದೆ. ಕದ್ದು ಕೇಳಾಕಲ್ರಿ ಇದು. ಒಂದ್ಸಲ ಸರಿಯಾಗಿ ಕೇಳಾಕ."

ವನಜಾ ತಲೆಯ ಮೇಲೆ ಗರಗರ ಎನ್ನುತ್ತಿದ್ದ ಫ್ಯಾನ್ ಆರಿಸಿ, ಗಲ್ಲಾ ಬಿಟ್ಟು ಈಚೆ ಬಂದಳು. "ಯಾವ ಕಿವಿ ವಾಸಿ?"

"ಬಲಗಿವಿ."

ಬಲಗಡೆ ಸ್ಟೂಲು ಎಳೆದುಕೊಂಡು ಕೂತು, ಮುಖ ಎತ್ತಿ, ನಿಧಾನವಾಗಿ ಹೇಳಿಕೊಟ್ಟಳು. ಪರದೆಯನ್ನು ಮೇಲಿನಿಂದ ಕೆಳಗೆ ಎಳೆಯಬೇಕು. ಕ್ಯಾಮೆರಾದಂಥ ಗುರುತನ್ನು ಒತ್ತಿ ಹಿಡಿಯಬೇಕು. ಸೌಂಡ್ ಎಂಬಲ್ಲಿ ಮೂರು ಸಾಲು: ಸದ್ದೇ ಬೇಡ, ಮೈಕಿನ ಸದ್ದು, ಫೋನಿನೊಳಗಿನ ಸದ್ದು. ಮೂರನೆಯದನ್ನು ಮುಟ್ಟಬೇಕು.

"ಕಾಲ್ ಮಾಡುವಾಗ ಎಲ್ಲಾ ಫೋನಲ್ಲೂ ಇದು ಕೆಲ್ಸ ಮಾಡಲ್ಲ. ಎಷ್ಟೋ ಫೋನು ಮಾತನ್ನೇ ಹಿಡಿಯಲ್ಲ. ನಿಮ್ದು ಏನ್ಮಾಡತ್ತೋ ನೋಡೋಣ," ಎಂದು ತನ್ನ ಫೋನಿನಿಂದ ಅವನಿಗೆ ವಿಡಿಯೊ ಕಾಲ್ ಮಾಡಿ, ಮಾತಾಡುತ್ತ ಲೈಟ್ ಕಂಬದವರೆಗೂ ನಡೆದು ಹೋದಳು. ವಾಪಸು ಬಂದು, ರೆಕಾರ್ಡ್ ಆದದ್ದನ್ನು ಅವನ ಕಿವಿಗೆ ಇಟ್ಟಳು. ಮೊದಲ ಸಲ ಬರೀ ಗದ್ದಲ. ಎರಡನೇ ಸಲ 'ಮೋರಿ' ಎಂಬುದು ಸಿಕ್ಕಿತು. ನಾಲ್ಕನೇ ಸಲಕ್ಕೆ ಪೂರಾ ಬಂತು: "ನಮ್ಮಂಗ್ಡಿ ಮುಂದೆ ಮೋರಿ ತೆಗೆದು ಹದಿನೈದು ದಿನ ಆಯ್ತು, ಒಬ್ರೂ ಮುಚ್ಚಿಲ್ಲ, ದರಿದ್ರದವ್ರು."

"ಮೋರಿ ಮುಚ್ಚಿಲ್ಲ ಅಂದ್ರಿ!" ಚನಬಸಪ್ಪ ಜೋರಾಗಿಯೇ ಕೂಗಿದ.

"ಬಂತಲ್ಲಾ," ಎಂದು ವನಜಾಳೂ ನಕ್ಕಳು. "ಆದ್ರೆ ಮಗಳಿಗೆ ಹೇಳಿ ಮಾಡಿ ಅಣ್ಣ. ಕಿವೀನೂ ತೋರಿಸ್ಕೊಳ್ಳಿ. ಇದೇ ಔಷಧಿ ಅಂದ್ಕೊಂಡು ಕೂತ್ಕೋಬೇಡಿ."

ಆಗಲೆಂದ. ಆದರೆ ಭಾನುವಾರ ಬಂದಾಗ ಮಗಳಿಗೆ ಹೇಳುವ ಧೈರ್ಯ ಬರಲಿಲ್ಲ. ಹೇಳದೆಯೇ ಗುಂಡಿ ಒತ್ತಿದ. ಮಗಳು ಮಾತಾಡಿದಳು, ಹೆಂಡತಿ ಸುಮಂಗಲಾ ಮಧ್ಯೆ ಬಂದು ಹೋದಳು, ಅವನು ಎಂದಿನಂತೆ ಹೂಂಗುಟ್ಟಿದ. ಕಾಲು ಮುಗಿದ ಮೇಲೆ ರೂಮಿನ ತಾರಸಿಗೆ ಹತ್ತಿ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತ. ರಜೆಯ ದಿನವಾದ್ದರಿಂದ ಸುತ್ತಲ ಕಾರ್ಖಾನೆಗಳು ಸುಮ್ಮನಿದ್ದವು. ಇಯರ್‌ಫೋನ್ ಒತ್ತಿಕೊಂಡು ಸದ್ದನ್ನು ತುದಿಯವರೆಗೆ ಏರಿಸಿದ.

ಮಗಳ ದನಿ ಬಂತು. ಎಷ್ಟು ದಿನವಾಗಿತ್ತು! ಅದು ದಪ್ಪವಾಗಿತ್ತು, ದೊಡ್ಡವಳ ದನಿ. ಹಿಂದಕ್ಕೆ ಎಳೆದು, ಮತ್ತೆ ಹಾಕಿ, ಒಂದೊಂದು ಸಾಲನ್ನೂ ಬಿಡಿಸಿಕೊಳ್ಳುತ್ತ ಹೋದ. ಓಣಿಯ ನಳದ ಸುದ್ದಿ, ಎಮ್ಮೆ ಗಬ್ಬವಾದ ಸುದ್ದಿ. ಆಮೇಲೆ ಒಂದು ಕಡೆ ಮಗಳು ನೆಟ್ಟಗೆ ಪರದೆಯನ್ನು ನೋಡುತ್ತ ಕೇಳಿದ್ದಳು:

"ಯಪ್ಪಾ, ಇವತ್ತ ಆನಿ ಮ್ಯಾಲ ಕುಂತು ಊಟಾ ಮಾಡಿದ್ಯಾ?"

ತಪ್ಪು ಕೇಳಿಸಿತೆಂದು ಆರು ಸಲ ಹಾಕಿದ. ಆನೆಯೇ. ಮಗಳು ಅವನ ಉತ್ತರಕ್ಕಾಗಿ ಕಾದಳು. ಅವನ ದನಿ ಇದರಲ್ಲಿ ಹಿಡಿದಿರಲಿಲ್ಲ, ಆದರೆ ಮೂಲೆಯ ಚಿಕ್ಕ ಚೌಕದಲ್ಲಿ ಅವನ ತಲೆ ಆಡಿತು. ಹೂಂ ಎಂದಿದ್ದ. ನಗುತ್ತ ಬೇರೆ ಅಂದಿದ್ದ.

ದಾನೇಶ್ವರಿ ಮುಖ ಪಕ್ಕಕ್ಕೆ ತಿರುಗಿಸಿದಳು. "ಅವ್ವಾ, ನೋಡಿದ್ಯಾ? ಅಪ್ಪಗ ಕೇಳವಲ್ದು. ಅವತ್ತೂ ಕೇಳಿಲ್ಲ. ನಾ ಸುಮ್ಮನ ಸಿಟ್ಟಾದೆ."

ಕಾಣದ ಕಡೆಯಿಂದ ಸುಮಂಗಲಾ ಅಂದಳು, "ನನಗ ಗೊತ್ತಿಲ್ಲೇನ? ಎರಡ ವರ್ಷ ಆತು. ಬಾಯಿ ಬಿಡಬ್ಯಾಡ. ಗೊತ್ತಾಗೇತಿ ಅಂತ ತಿಳಿದ್ರ ಮನಸ್ಸಿಗೆ ಹಚ್ಕೊಂತಾರ. ಅವರಾಗೇ ಹೇಳಲಿ."

ಚನಬಸಪ್ಪ ಇಯರ್‌ಫೋನ್ ತೆಗೆದ. ಎರಡು ವರ್ಷದಿಂದ ಅವನು ಅವರಿಂದ ಮುಚ್ಚಿಟ್ಟಿದ್ದ. ಸುಮಂಗಲಾ ಗೊತ್ತಿದ್ದೂ ಅವನ ಮುಂದೆ ಗೊತ್ತಿಲ್ಲದವಳಂತೆ ಇದ್ದಳು. ನಾಚಿಕೆಯಾಯಿತು. ಕಣ್ಣು ತುಂಬಿತು. ಜತೆಗೆ ಆನೆಯ ಮೇಲೆ ಕೂತು ರೊಟ್ಟಿ ಮುರಿಯುವ ತನ್ನನ್ನು ನೆನೆದು ನಗುವೂ ಬಂತು. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಇವನನ್ನು ನೋಡಿ ಬೇಗ ಬೇಗ ಕೆಳಗಿಳಿದು ಹೋದಳು.

ಅಲ್ಲೇ ಕೂತು ಮತ್ತೆ ಕಾಲ್ ಮಾಡಿದ. ಮಗಳ ಮುಖ ಮೂಡಿತು.

"ದಾನೀ, ಆನಿ ಸಿಗಲಿಲ್ಲವಾ. ನೆಲದ ಮ್ಯಾಲ ಕುಂತ ಉಂಡೆ."

ಅವಳ ಕೈ ಬಾಯಿಗೆ ಹೋಯಿತು. ಅವಳು ಏನು ಹೇಳಿದಳೋ ಅವನಿಗೆ ಕೇಳಲಿಲ್ಲ, ಈ ಸಲ ಹೂಂ ಎನ್ನಲೂ ಇಲ್ಲ. "ನನಗ ಕೇಳಂಗಿಲ್ಲ. ರೆಕಾರ್ಡ್ ಮಾಡಿ ಕೇಳಿದೆ. ನಿನ್ನ ಕೇಳದ ಮಾಡಿದ್ದು ತಪ್ಪಾತು. ಅವತ್ತ ಪೇಢೆ ಅಂದದ್ದೂ ತಪ್ಪಾತು," ಎಂದು ಹೇಳಿ ಮುಗಿಸಿದ. ದಾನೇಶ್ವರಿ ಪುಸ್ತಕದಿಂದ ಹಾಳೆ ಹರಿದು, ದೊಡ್ಡ ಅಕ್ಷರದಲ್ಲಿ ಬರೆದು ಪರದೆಗೆ ಹಿಡಿದಳು: 'ನಾಳೆ ದವಾಖಾನಿಗೆ ಹೋಗು. ನರ್ಸ್ ಆಗಿ ಹೇಳ್ತೀನಿ.' ಹಿಂದಿನಿಂದ ಸುಮಂಗಲಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಇಣುಕಿದಳು.

ನಾಳೆ ಎಂದದ್ದು ಗುರುವಾರವಾಯಿತು. ಈರೇಶ್ ರಜೆ ಹಾಕಿ ಜತೆಗೆ ಬಂದ. ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಎಷ್ಟೋ ಹೊತ್ತು ಒತ್ತುವ ಪ್ರಸಂಗವೇ ಬರಲಿಲ್ಲ. ಹೋದದ್ದು ಮರಳುವುದಿಲ್ಲ, ಕಿವಿಗೆ ಯಂತ್ರ ಹಾಕಿದರೆ ಉಳಿದದ್ದು ಕೆಲಸಕ್ಕೆ ಬರುತ್ತದೆ, ಪ್ರೆಸ್ಸಿನ ಹತ್ತಿರ ಇನ್ನು ನಿಲ್ಲಬಾರದು ಎಂದು ಡಾಕ್ಟರು ಬರೆದುಕೊಟ್ಟರು.

ಆ ಚೀಟಿಯನ್ನು ಚನಬಸಪ್ಪ ಸೂಪರ್‌ವೈಸರ್ ಶ್ರೀಧರನಿಗೆ ಕೊಟ್ಟ. ಶ್ರೀಧರ ಎರಡು ಸಲ ಓದಿದ. "ಯಾಕ್ ಗುರು ಇಷ್ಟ್ ದಿನ ಹೇಳ್ಲಿಲ್ಲ? ಸೈರನ್ ಕೇಳ್ದೆ ಕೈ ಒಳಗೆ ಹೋಗಿದ್ರೆ?" ಎಂದು ರೇಗಿದ. ಮಾಲೀಕರ ಹತ್ತಿರ ಅರ್ಧ ಗಂಟೆ ಕೂತು ಬಂದು, ಅವನನ್ನು ಗಾಜಿನ ಕೋಣೆಯ ತಪಾಸಣೆ ವಿಭಾಗಕ್ಕೆ ಹಾಕಿಸಿದ. ವಾಷರ್‌ಗಳನ್ನು ಅಳತೆಗೋಲಿಗೆ ಹಿಡಿದು ಸರಿ ತಪ್ಪು ಬೇರ್ಪಡಿಸುವ ಕೆಲಸ. ಪ್ರೆಸ್ಸಿನವನೆಂಬ ಗತ್ತು ಹೋಯಿತು. ಮೊದಲ ವಾರ ಅವನು ಗಾಜಿನಾಚೆ ತನ್ನ ಯಂತ್ರದ ಮುಂದೆ ನಿಂತ ಹೊಸಬನನ್ನೇ ನೋಡುತ್ತಿದ್ದ. ಶನಿವಾರ ಹೊರಗೆ ಹೋಗಿ, ಆ ಹೊಸಬನ ಜೇಬಿನಲ್ಲಿದ್ದ ಹಳದಿ ಬೆಂಡನ್ನು ತಾನೇ ತೆಗೆದು ಅವನ ಕಿವಿಗೆ ತುರುಕಿ ಬಂದ.

ಕಿವಿಯ ಯಂತ್ರ ಬಂದದ್ದು ಇನ್ನೂ ಒಂದು ತಿಂಗಳಿಗೆ. ಹಾಕಿಕೊಂಡ ದಿನ ಪ್ಲಾಸ್ಟಿಕ್ ಚೀಲದ ಸರಸರಕ್ಕೂ ಬೆಚ್ಚಿದ. ಬಸ್ಸಿನಲ್ಲಿ ಕಿತ್ತಿಟ್ಟುಕೊಂಡ. ಭಾನುವಾರ ಮಾತ್ರ ಮರೆಯದೆ ಹಾಕಿಕೊಂಡು ಕೂತ. ದಾನೇಶ್ವರಿಗೆ ಮರುಪರೀಕ್ಷೆ ಹತ್ತಿರವಾಗಿತ್ತು.

"ಯಾವ ಪೇಪರ್ ಹೋಗಿತ್ತವಾ ಅದು? ನಾ ಕೇಳಲೇ ಇಲ್ಲ."

"ಫಾರ್ಮಕಾಲಜಿ."

"ಏನಂದಿ?"

"ಫಾರ್... ಮ... ಕಾಲಜಿ. ಔಷಧದ ಪಾಠ ಯಪ್ಪಾ."

"ಇನ್ನೊಮ್ಮೆ ಹೇಳು."

ಅವಳು ಇನ್ನೊಮ್ಮೆ ಹೇಳಿದಳು. ಆಮೇಲೆ ಪುಸ್ತಕ ತೆರೆದು, ಯಾವ ಔಷಧ ಯಾತಕ್ಕೆ ಎಂದು ಓದಿ ಹೇಳತೊಡಗಿದಳು. ಚನಬಸಪ್ಪ ತಿಳಿಯದ ಕಡೆಯಲ್ಲೆಲ್ಲ ಅವಳನ್ನು ತಡೆದು ಕೇಳುತ್ತಿದ್ದ.